ಗುಲಾಬಿ ಬಟ್ಟಲಿನ ಊರಿನಲ್ಲಿ

2021ರ ಡಿಸೆಂಬರ್ ತಿಂಗಳ ಕೊನೆಯಲ್ಲಿ ನಾನೂ ನನ್ನ ಪತ್ನಿಯೂ ಮಗಳ ಮನೆಗೆಂದು ಅಮೆರಿಕದ ಕ್ಯಾಲಿಫೋರ್ನಿಯಕ್ಕೆ ಹೋದೆವು. ಮಹಾಮಾರಿಯ ದೆಸೆಯಿಂದ ಎರಡು ವರ್ಷಗಳ ಕಾಲ ಮಗಳ ಮುಖವನ್ನು ಫೋನಿನ ಗಾಜಿನಲ್ಲಿ ಮಾತ್ರ ಕಂಡಿದ್ದ ನಮಗೆ ಆ ದೇಶದ ನೋಟಗಳಿಗಿಂತ ಆಕೆಯ ಅಡುಗೆಮನೆಯೇ ಸಾಕಾಗಿತ್ತು. ಆದರೆ ಅಳಿಯಂದಿರು ಬಿಡಲಿಲ್ಲ. ಅವರ ಮನೆ ಇರುವುದು ಲಾಸ್ ಏಂಜಲೀಸ್ ಮಹಾನಗರಕ್ಕೆ ಈಶಾನ್ಯದಲ್ಲಿ, ಪರ್ವತದ ತಪ್ಪಲಿನ ಪ್ಯಾಸಡೀನಾ ಎಂಬ ಊರಿನಲ್ಲಿ. "ಮಾವ, ಹೊಸ ವರ್ಷದ ದಿನ ಈ ಊರಲ್ಲಿದ್ದು ಮೆರವಣಿಗೆ ನೋಡದೆ ಹೋದರೆ, ಉಡುಪಿಯಲ್ಲಿದ್ದು ಪರ್ಯಾಯ ನೋಡದೆ ಬಂದಂತೆ" ಎಂದರು. ಹಾಗೆ ಹೊರಟೆವು.

ಬೆಳಗಿನ ಜಾವದಲ್ಲಿ ನಾವು ಕೊಲರಾಡೊ ಬೀದಿಯನ್ನು ತಲಪಿದಾಗ ಕಂಡ ದೃಶ್ಯ ನಮಗೆ ಅಪರಿಚಿತವಾಗಿರಲಿಲ್ಲ. ಜಾತ್ರೆಗೆ ಬಂದವರು ರಥಬೀದಿಯ ಅಂಚಿನಲ್ಲಿ ಚಾಪೆ ಹಾಸಿ ಮಲಗುವಂತೆ, ಸಾವಿರಾರು ಮಂದಿ ಹಿಂದಿನ ರಾತ್ರಿಯೇ ಬಂದು ಕಾಲುದಾರಿಯ ಮೇಲೆ ಕಂಬಳಿ ಹೊದ್ದು ಮಲಗಿದ್ದರು. ಎಂಟು ಗಂಟೆಗೆ ಮೆರವಣಿಗೆ ಹೊರಟಿತು. ಐದೂವರೆ ಮೈಲಿಯ ದಾರಿ. ತೇರಿನಂತಹ ವಾಹನಗಳು ಒಂದರ ಹಿಂದೊಂದು ಬಂದವು. ಅವುಗಳ ಮೈಮೇಲೆ ಕಣ್ಣಿಗೆ ಬೀಳುವ ಅಂಗುಲ ಅಂಗುಲವೂ ಹೂವು, ಎಲೆ, ಬೀಜ, ತೊಗಟೆ ಮುಂತಾದ ಪ್ರಕೃತಿಯ ವಸ್ತುಗಳಿಂದಲೇ ಮುಚ್ಚಿರಬೇಕೆಂಬುದು ಅಲ್ಲಿಯ ಕಟ್ಟಳೆ. ನನ್ನಾಕೆ ಹೂಗಳ ಲೆಕ್ಕ ಹಿಡಿಯಲಾರದೆ ಸುಮ್ಮನಾದಳು.

ಈ ಮೆರವಣಿಗೆಯ ಹುಟ್ಟು 1890ರಲ್ಲಿ. ಪೂರ್ವದ ರಾಜ್ಯಗಳು ಹಿಮದಲ್ಲಿ ಹೂತುಹೋಗಿರುವ ಜನವರಿಯಲ್ಲಿ ತಮ್ಮ ಊರಲ್ಲಿ ಗುಲಾಬಿ ಅರಳಿರುತ್ತದೆ ಎಂದು ಲೋಕಕ್ಕೆ ತೋರಿಸಲು ಇಲ್ಲಿಯ ಸ್ಥಿತಿವಂತರು ಹೂಡಿದ ಉತ್ಸವವಿದು. ಜನವರಿ ಒಂದು ಭಾನುವಾರ ಬಂದರೆ ಸೋಮವಾರಕ್ಕೆ ಮುಂದೂಡುತ್ತಾರೆ. ಉತ್ಸವದ ಖರ್ಚಿಗೆ ದಾರಿಯಾಗಲೆಂದು 1902ರಲ್ಲಿ ಒಂದು ಫುಟ್ಬಾಲ್ ಪಂದ್ಯವನ್ನೂ ಇಟ್ಟರು. ಮಿಶಿಗನ್ ವಿಶ್ವವಿದ್ಯಾಲಯದವರು ಸ್ಟ್ಯಾನ್‌ಫರ್ಡಿನವರನ್ನು 49–0ರಿಂದ ಸೋಲಿಸಿದರು. ಇನ್ನೂ ಎಂಟು ನಿಮಿಷ ಉಳಿದಿರುವಾಗಲೇ ಸ್ಟ್ಯಾನ್‌ಫರ್ಡಿನವರು "ಸಾಕು" ಎಂದು ಕೈಚೆಲ್ಲಿ ಮೈದಾನ ಬಿಟ್ಟರು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಕೆಲವು ವರ್ಷ ಫುಟ್ಬಾಲ್ ಬಿಟ್ಟು ರೋಮನರ ಹಾಗೆ ಕುದುರೆರಥಗಳ ಓಟ ನಡೆಸಿದರು. 1916ರಿಂದ ಮತ್ತೆ ಫುಟ್ಬಾಲೇ ನಿಂತಿತು. 1922ರಲ್ಲಿ ಊರ ಪಶ್ಚಿಮದ ಕಣಿವೆಯಲ್ಲಿ ಬಟ್ಟಲಿನಾಕಾರದ ದೊಡ್ಡ ಕ್ರೀಡಾಂಗಣವನ್ನು ಕಟ್ಟಿದರು; ಹೆಸರು ರೋಸ್ ಬೌಲ್. ಅದರಿಂದಲೇ ವರ್ಷಾಂತ್ಯದ ಕಾಲೇಜು ಪಂದ್ಯಗಳಿಗೆಲ್ಲ 'ಬೌಲ್' ಎಂಬ ಹೆಸರು ಅಂಟಿತು. ಈಗ ಆ ದೇಶದಲ್ಲಿ ಅಂತಹ ಬಟ್ಟಲುಗಳು ನಲವತ್ತಕ್ಕೂ ಹೆಚ್ಚು. ಆಲೂಗಡ್ಡೆಯ ಹೆಸರಿನದೊಂದು ಇದೆ. ಮೇಯೊನೈಸ್ ಮಾರುವವರದೊಂದು ಇದೆ, ಅದರಲ್ಲಿ ಗೆದ್ದ ತಂಡದ ಗುರುವಿನ ತಲೆಯ ಮೇಲೆ ಆ ಬಿಳಿ ಗೊಜ್ಜನ್ನು ಕೊಡಗಟ್ಟಲೆ ಸುರಿಯುತ್ತಾರಂತೆ. ಗುಲಾಬಿ ಬಟ್ಟಲು ಇವೆಲ್ಲಕ್ಕೆ ಅಜ್ಜಿ.

ಇಲ್ಲಿ ಒಂದು ಮಾತು. ಮೊಗ್ರಾಲ್, ಉಪ್ಪಳದ ಮೈದಾನಗಳಲ್ಲಿ ಫುಟ್ಬಾಲ್ ನೋಡಿ ಬೆಳೆದ ನನ್ನಂಥವರಿಗೆ ಅವರ ಫುಟ್ಬಾಲನ್ನು ಆ ಹೆಸರಿನಿಂದ ಕರೆಯಲು ನಾಲಗೆ ಏಳದು. ಚೆಂಡು ಉರುಟಾಗಿಲ್ಲ, ಎರಡೂ ತುದಿ ಚೂಪಾದ ಕಾಯಿಯಂತಿದೆ. ಅದನ್ನು ಬಹುಮಟ್ಟಿಗೆ ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ಓಡುವವನನ್ನು ಎದುರಾಳಿಗಳು ಅಡ್ಡಹಾಯ್ದು ಕೆಡಹಬೇಕು. ಕೆಡಹುವುದೇ ಆಟದ ನಿಯಮ. ನೂರಿಪ್ಪತ್ತು ಕಿಲೋ ತೂಕದ ಆಳು ವೇಗದಿಂದ ಬಂದು ಬಡಿದಾಗ ಶಿರಸ್ತ್ರಾಣ ತಲೆಯನ್ನು ಒಂದಿಷ್ಟು ಕಾಯಬಹುದು. ಮೊಣಕಾಲಿಗೆ ಅಂತಹ ಕವಚವಿಲ್ಲ. ಈ ಲೇಖನದ ವಿಷಯ ಆ ಮೊಣಕಾಲೇ.

ಅಂದು ಮಧ್ಯಾಹ್ನ ಎರಡು ಗಂಟೆಯ ಪಂದ್ಯಕ್ಕೆ ಟಿಕೇಟಿನ ಬೆಲೆ ಕೇಳಿ ನಾನೇ ಬೇಡವೆಂದೆ. ಮನೆಯಲ್ಲಿ ಟಿ.ವಿ. ಮುಂದೆ ಕುಳಿತೆವು. ಹನ್ನೆರಡು ವರ್ಷದ ಮೊಮ್ಮಗ ನೆಲದ ಮೇಲೆ, ಸೋಫಾದಲ್ಲಿ ನಾವು, ಪಕ್ಕದ ಮನೆಯ ವೃದ್ಧರು ತಮ್ಮ ಕೆಂಪು ಟೋಪಿಯೊಡನೆ ಬಾಗಿಲ ಬಳಿಯ ಕುರ್ಚಿಯಲ್ಲಿ. ಆ ವೃದ್ಧರು ಹುಟ್ಟಿದ್ದು ಒಹಾಯೊ ರಾಜ್ಯದಲ್ಲಿ, ಓದಿದ್ದು ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ. ಆ ದಿನದ ಪಂದ್ಯವೂ ಒಹಾಯೊ ಸ್ಟೇಟಿಗೂ ಯೂಟಾ ವಿಶ್ವವಿದ್ಯಾಲಯಕ್ಕೂ. ಯೂಟಾದವರಿಗೆ ಅದು ಮೊದಲ ಗುಲಾಬಿ ಬಟ್ಟಲು.

ಆದರೆ ವೃದ್ಧರ ಮುಖದಲ್ಲಿ ಸಂತೋಷವಿರಲಿಲ್ಲ. ಅವರ ತಂಡದ ಇಬ್ಬರು ಅತ್ಯುತ್ತಮ ಆಟಗಾರರು, ಚೆಂಡು ಹಿಡಿಯುವುದರಲ್ಲಿ ನಿಪುಣರಾದ ಗ್ಯಾರೆಟ್ ವಿಲ್ಸನ್ ಮತ್ತು ಕ್ರಿಸ್ ಒಲಾವೆ, ತಾವು ಆಡುವುದಿಲ್ಲವೆಂದು ಮೊದಲೇ ತಿಳಿಸಿದ್ದರು. ಕಾಯಿಲೆಯಿಲ್ಲ, ಗಾಯವಿಲ್ಲ. ಏಪ್ರಿಲ್ ತಿಂಗಳ ಕೊನೆಯಲ್ಲಿ ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ 'ಡ್ರಾಫ್ಟ್' ನಡೆಯುತ್ತದೆ. ಅದಕ್ಕೆ ಮೊದಲು ಅಂಗಾಂಗಕ್ಕೆ ಊನ ಬಾರದಿರಲಿ ಎಂಬುದೇ ಕಾರಣ. ಒಲಾವೆಯಂತೂ ದಕ್ಷಿಣ ಕ್ಯಾಲಿಫೋರ್ನಿಯದಲ್ಲೇ ಬೆಳೆದ ಹುಡುಗ. ತನ್ನ ಸೀಮೆಯ ಅತಿ ದೊಡ್ಡ ಉತ್ಸವದಲ್ಲಿ ಆಡುವ ಅವಕಾಶ ತಾನಾಗಿ ಬಂದುದನ್ನು ಬಿಟ್ಟಿದ್ದ.

"ನಮ್ಮ ಕಾಲದಲ್ಲಿ ಹುಡುಗರು ತೆವಳಿಕೊಂಡಾದರೂ ಈ ಮೈದಾನಕ್ಕೆ ಬರುತ್ತಿದ್ದರು" ಎಂದರು ವೃದ್ಧರು. "ಸ್ನೇಹಿತರನ್ನು ಕೊನೆಯ ದಿನ ಕೈಬಿಡುವುದೆಂದರೇನು?"

ಅಳಿಯಂದಿರು ಇದನ್ನು ಕನ್ನಡದಲ್ಲಿ ವಿವರಿಸಿದಾಗ, ಅದುವರೆಗೆ ಕರವಸ್ತ್ರಕ್ಕೆ ನೂಲು ಹಾಕುತ್ತ ಕುಳಿತಿದ್ದ ನನ್ನಾಕೆ ತಲೆಯೆತ್ತಿ ಕೇಳಿದಳು: "ಅಲ್ಲ, ಇಷ್ಟು ಜನ ಇಷ್ಟು ದುಡ್ಡು ಕೊಟ್ಟು ನೋಡುತ್ತಾರಲ್ಲ, ಆ ಹುಡುಗರಿಗೆ ಸಂಬಳ ಎಷ್ಟು ಕೊಡುತ್ತಾರೆ?"

ಅಳಿಯಂದಿರು ನಕ್ಕರು. ಸಂಬಳವಿರಲಿಲ್ಲ. ಆ ದೇಶದಲ್ಲಿ ಕಾಲೇಜು ಆಟಗಾರನಿಗೆ ಬಹುಕಾಲ ದೊರೆಯುತ್ತಿದ್ದುದು ಶಾಲಾ ಶುಲ್ಕ, ವಸತಿ, ಊಟ ಮತ್ತು ಒಂದಿಷ್ಟು ಕೈಖರ್ಚು ಮಾತ್ರ. ತನ್ನ ಹೆಸರು, ಚಿತ್ರಗಳನ್ನು ಜಾಹೀರಾತಿಗೆ ಕೊಟ್ಟು ಹಣ ಪಡೆಯಲು ಅನುಮತಿ ಬಂದುದೇ 2021ರ ಜುಲೈಯಲ್ಲಿ. ವಿಶ್ವವಿದ್ಯಾಲಯಗಳು ತಮ್ಮ ಆದಾಯದ ಪಾಲನ್ನು ನೇರವಾಗಿ ಆಟಗಾರರಿಗೆ ಕೊಡಬಹುದೆಂದಾದುದು 2025ರಲ್ಲಿ. ಆದರೆ ತಂಡದ ಗುರುಗಳ ಮಾತು ಬೇರೆ. ಅದೇ 2021ರ ನವೆಂಬರ್ ಕೊನೆಯ ವಾರದಲ್ಲಿ, ಬೌಲ್ ಪಂದ್ಯಗಳಿಗೆ ಇನ್ನೂ ತಿಂಗಳಿರುವಾಗ, ನೋಟರ್ ಡೇಮ್ ತಂಡದ ಗುರು ಬ್ರಯನ್ ಕೆಲಿಯವರು ತಮ್ಮ ಹುಡುಗರನ್ನು ಬಿಟ್ಟು ಲೂಯಿಸಿಯಾನಾ ಸ್ಟೇಟಿಗೆ ಹೋದರು: ಹತ್ತು ವರ್ಷಕ್ಕೆ ಒಂಬತ್ತೂವರೆ ಕೋಟಿ ಡಾಲರುಗಳ ಕರಾರು. ಅದಕ್ಕೆ ಒಂದು ದಿನ ಮೊದಲು ಓಕ್ಲಹೋಮಾದ ಗುರು ಲಿಂಕನ್ ರೈಲಿಯವರು ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯಕ್ಕೆ ಬಂದಿದ್ದರು. ಅವರನ್ನು ಬೈದವರೂ ಇದ್ದರು, ನಿಜ. ಆದರೆ ಹೋಗಬಾರದಿತ್ತು ಎಂದು ಹೇಳುವಾಗಲೂ ಜನ ಅದನ್ನು 'ಬಡ್ತಿ' ಎಂದು ಕರೆದರು. ಹುಡುಗ ಹೋದರೆ 'ದ್ರೋಹ' ಎಂದರು. ಈ ಎರಡು ಶಬ್ದಗಳ ವ್ಯತ್ಯಾಸ ನನಗೆ ಇಂದಿಗೂ ನುಂಗಲು ಬಾರದು.

ಈ ಪದ್ಧತಿ ದೊಡ್ಡ ಸುದ್ದಿಯಾದುದು 2016ರ ಡಿಸೆಂಬರಿನಲ್ಲಿ. ಲೂಯಿಸಿಯಾನಾ ಸ್ಟೇಟಿನ ಲೆನಾರ್ಡ್ ಫೋರ್ನೆಟ್, ಸ್ಟ್ಯಾನ್‌ಫರ್ಡಿನ ಕ್ರಿಶ್ಚಿಯನ್ ಮೆಕ್ಯಾಫ್ರಿ ಇಬ್ಬರೂ ತಮ್ಮ ತಮ್ಮ ಬೌಲ್ ಪಂದ್ಯಗಳಿಗೆ ಇಳಿಯುವುದಿಲ್ಲವೆಂದರು. ದೇಶವೆಲ್ಲ ಗದ್ದಲವಾಯಿತು. ಮೆಕ್ಯಾಫ್ರಿಯ ತಂದೆಯೇ ವೃತ್ತಿಪರ ಆಟಗಾರರಾಗಿದ್ದವರು. ಆ ಮನೆಯಲ್ಲಿ ಮೊಣಕಾಲಿನ ಬೆಲೆ ತಿಳಿದಿತ್ತು. ಮರುವರ್ಷದ ಆಯ್ಕೆಯಲ್ಲಿ ಫೋರ್ನೆಟ್ ನಾಲ್ಕನೆಯವನಾಗಿ, ಮೆಕ್ಯಾಫ್ರಿ ಎಂಟನೆಯವನಾಗಿ ಹೋದರು. ಆಡದೆ ಕುಳಿತುದಕ್ಕಾಗಿ ಯಾವ ತಂಡವೂ ಅವರನ್ನು ದೂರವಿಡಲಿಲ್ಲ.

ಅವರ ಕಣ್ಣೆದುರಿಗೆ ಒಂದು ನಿದರ್ಶನವಿತ್ತು. ಅದೇ 2016ರ ಜನವರಿ ಒಂದರಂದು ಅರಿಜೋನಾದಲ್ಲಿ ನಡೆದ ಫಿಯೆಸ್ಟಾ ಬೌಲಿನಲ್ಲಿ ನೋಟರ್ ಡೇಮಿನ ಜೇಲನ್ ಸ್ಮಿತ್ ಎಂಬ ಹುಡುಗ ಆಡಿದ. ಡ್ರಾಫ್ಟಿನ ಮೊದಲ ಐದಾರು ಮಂದಿಯಲ್ಲಿ ಅವನೊಬ್ಬನಾಗುವನೆಂದು ಎಲ್ಲರ ಎಣಿಕೆ. ಪಂದ್ಯದ ಮೊದಲ ಭಾಗದಲ್ಲಿಯೇ ಅವನ ಎಡ ಮೊಣಕಾಲಿನ ಎರಡು ಸ್ನಾಯುಬಂಧಗಳು ಹರಿದುಹೋದವು. ನರಕ್ಕೂ ಪೆಟ್ಟಾಗಿ ಪಾದವನ್ನು ಮೇಲೆತ್ತುವ ಶಕ್ತಿ ಉಡುಗಿತು. ಏಪ್ರಿಲಿನಲ್ಲಿ ಡಾಲಸ್ ತಂಡದವರು ಅವನನ್ನು 34ನೆಯವನಾಗಿ ಕರೆದರು; ಮುಂದಿನ ಒಂದು ಇಡೀ ವರ್ಷ ಅವನು ಆಡಲಿಲ್ಲ. ಅದೇ ಡಾಲಸ್ ತಂಡ ಅದೇ ವರ್ಷ ನಾಲ್ಕನೆಯವನಾಗಿ ಆರಿಸಿದ್ದು ಎಜೀಕಿಯಲ್ ಎಲಿಯಟ್‌ನನ್ನು. ಅವನೂ ಅದೇ ಫಿಯೆಸ್ಟಾ ಬೌಲಿನಲ್ಲಿ ಎದುರಿನ ಒಹಾಯೊ ಸ್ಟೇಟ್ ಪರವಾಗಿ ಆಡಿ, ನಾಲ್ಕು ಬಾರಿ ಗೆರೆ ದಾಟಿ, ಮೈಗೆ ಗಾಯವಿಲ್ಲದೆ ಮನೆಗೆ ಹೋದವನು. ಎಲಿಯಟ್‌ನ ನಾಲ್ಕು ವರ್ಷದ ಕರಾರು ಸುಮಾರು ಎರಡೂವರೆ ಕೋಟಿ ಡಾಲರಿನದು. ಸ್ಮಿತ್‌ನದು ಸುಮಾರು 65 ಲಕ್ಷದ್ದು. ಒಂದೇ ದಿನ, ಒಂದೇ ಹುಲ್ಲು, ಒಂದೇ ಧಣಿ.

ವರ್ಷಾಂತ್ಯದಲ್ಲಿ, ಫೋರ್ನೆಟ್, ಮೆಕ್ಯಾಫ್ರಿಯವರ ಚರ್ಚೆ ಇನ್ನೂ ಆರಿರದಾಗಲೇ, ಮಿಶಿಗನ್ನಿನ ಜೇಕ್ ಬಟ್ ಆರೆಂಜ್ ಬೌಲಿನಲ್ಲಿ ಮೊಣಕಾಲು ಮುರಿದುಕೊಂಡು ಐದನೆಯ ಸುತ್ತಿಗೆ ಜಾರಿದ. ಡ್ರಾಫ್ಟಿನಲ್ಲಿ ಒಟ್ಟು ಸುತ್ತುಗಳು ಏಳು. ಮೊದಲನೆಯದಕ್ಕೂ ಐದನೆಯದಕ್ಕೂ ಇರುವ ಅಂತರ ತೆಂಗಿನ ತೋಟಕ್ಕೂ ತೆಂಗಿನ ಸಿಪ್ಪೆಗೂ ಇರುವಷ್ಟು. ಇಷ್ಟಾಗಿ ವೃತ್ತಿಪರ ಆಟಗಾರನ ಆಯುಸ್ಸು ಸರಾಸರಿ ಮೂರು ವರ್ಷ ಚಿಲ್ಲರೆ ಎಂದು ಅವರ ಸಂಘದವರೇ ಹೇಳಿದ್ದಾರೆ. ಮನೆಗೆ, ತಾಯಿತಂದೆಗೆ, ಮುಂದಿನ ಐವತ್ತು ವರ್ಷಕ್ಕೆ ಆ ಮೊದಲ ಕರಾರಿನಲ್ಲಿಯೇ ಗಳಿಸಬೇಕು. ನಮ್ಮ ಸೀಮೆಯಲ್ಲಿ ಕಂಬಳಕ್ಕೆ ಸಾಕಿದ ಕೋಣವನ್ನು ಯಾರೂ ನೇಗಿಲಿಗೆ ಹೂಡುವುದಿಲ್ಲ. ಆ ಎಚ್ಚರವನ್ನು ಹುಡುಗನೊಬ್ಬ ತನ್ನ ದೇಹದ ವಿಷಯದಲ್ಲಿ ತಾನೇ ವಹಿಸಿದರೆ ಸ್ವಾರ್ಥವೆನ್ನುವುದು ಹೇಗೆ?

ಪಂದ್ಯದ ಕಡೆಗೆ ಬರುತ್ತೇನೆ. ಮೊದಲರ್ಧದಲ್ಲಿ ಯೂಟಾದವರು 35–21ರಿಂದ ಮುಂದಿದ್ದರು. ವೃದ್ಧರು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು. ಹೊತ್ತು ಇಳಿಯುತ್ತ ಬಂದು ಕ್ರೀಡಾಂಗಣದ ಹಿಂದಿನ ಸ್ಯಾನ್ ಗೇಬ್ರಿಯಲ್ ಪರ್ವತಗಳು ನಸುಗೆಂಪಾದವು. ಅಲ್ಲಿಯವರು ಈ ಪಂದ್ಯವನ್ನು ಆ ಬೆಳಕಿಗಾಗಿಯೂ ನೋಡುತ್ತಾರಂತೆ. ಆಗ ಆಡದೆ ಉಳಿದ ಇಬ್ಬರ ಜಾಗ ತುಂಬಿದವನು ಜ್ಯಾಕ್ಸನ್ ಸ್ಮಿತ್-ಇಂಜಿಗ್ಬಾ ಎಂಬ ಎರಡನೆಯ ವರ್ಷದ ಹುಡುಗ. ಹದಿನೈದು ಸಲ ಚೆಂಡು ಹಿಡಿದು 347 ಗಜ ಓಡಿಸಿದ; ಅದೊಂದು ದಾಖಲೆಯಾಯಿತು. ಕೊನೆಯ ಭಾಗದಲ್ಲಿ ಯೂಟಾದ ನಾಯಕಸ್ಥಾನದ ಆಟಗಾರ ಕ್ಯಾಮರಾನ್ ರೈಸಿಂಗ್ ಕೆಳಗೆ ಬಿದ್ದು ತಲೆಗೆ ಪೆಟ್ಟಾಗಿ ಹೊರನಡೆದ. ಅವನ ಬದಲಿಗೆ ಬಂದ, ಯಾರೂ ಹೆಸರು ಕೇಳಿರದ ಬ್ರೈಸನ್ ಬಾರ್ನ್ಸ್ ಅಂಕಗಳನ್ನು ಸಮಮಾಡಿದ. ಇನ್ನು ಒಂಬತ್ತು ಸೆಕೆಂಡು ಉಳಿದಿರುವಾಗ ಒಹಾಯೊದವರು ಒದ್ದ ಚೆಂಡು ಕಂಬಗಳ ನಡುವೆ ಹಾದು 48–45ಕ್ಕೆ ಮುಗಿಯಿತು. ವೃದ್ಧರು ಎದ್ದು ನಿಂತು ನನ್ನ ಕೈಯನ್ನು ಎರಡೂ ಕೈಗಳಿಂದ ಕುಲುಕಿದರು. ವಿಲ್ಸನ್, ಒಲಾವೆಯರ ಹೆಸರು ಆಮೇಲೆ ಅವರ ಬಾಯಲ್ಲಿ ಬರಲಿಲ್ಲ.

ಸ್ಮಿತ್-ಇಂಜಿಗ್ಬಾನಿಗೆ ಉಳಿದಿಬ್ಬರಂತೆ ಆಯ್ಕೆಯೇ ಇರಲಿಲ್ಲ ಎಂಬುದನ್ನೂ ಹೇಳಬೇಕು. ಪ್ರೌಢಶಾಲೆ ಮುಗಿಸಿ ಮೂರು ವರ್ಷ ಕಳೆಯದೆ ಯಾರೂ ಡ್ರಾಫ್ಟಿಗೆ ಅರ್ಹರಲ್ಲ. ಅವನನ್ನು ತೋರಿಸಿ "ನೋಡಿ, ನಿಷ್ಠೆಯೆಂದರೆ ಇದು" ಎಂದು ಮರುದಿನ ಹಾಡಿಹೊಗಳಿದವರು ಇದನ್ನು ಮರೆತಿದ್ದರು.

ಒಂದು ವಾರದ ಬಳಿಕ ವೃದ್ಧರೇ ನನ್ನನ್ನು ಕ್ರೀಡಾಂಗಣ ತೋರಿಸಲು ಕರೆದೊಯ್ದರು. ಆ ಕಣಿವೆಯ ಹೆಸರು ಅರೋಯೊ ಸೇಕೊ. ಸ್ಪ್ಯಾನಿಷ್ ಭಾಷೆಯಲ್ಲಿ 'ಒಣ ಹಳ್ಳ'. ಹೆಸರಿಗೆ ತಕ್ಕಂತೆ ಹಳ್ಳದಲ್ಲಿ ನೀರಿಗಿಂತ ಸಿಮೆಂಟೇ ಹೆಚ್ಚು. ಕ್ರೀಡಾಂಗಣದ ಸುತ್ತ ಮೂರು ಮೈಲಿಗೂ ಮಿಕ್ಕ ದಾರಿಯಿದ್ದು ಊರವರು ಬೆಳಗ್ಗೆ ಸಂಜೆ ನಡೆಯುತ್ತಾರೆ: ಮಕ್ಕಳ ಗಾಡಿ ತಳ್ಳುವ ತಾಯಂದಿರು, ನಾಯಿಗಳು, ಸೈಕಲ್ಲುಗಳು. ತೊಂಬತ್ತು ಸಾವಿರ ಜನ ಹಿಡಿಯುವ ಆ ಬಟ್ಟಲು ಖಾಲಿಯಾಗಿ ಕುಳಿತಾಗ ಅಷ್ಟು ದೊಡ್ಡದೆಂದು ತೋರಲಿಲ್ಲ. ಅರ್ಧ ಭಾಗ ನೆಲದೊಳಗೆ ಇಳಿದಿದೆ. ಬಾಗಿಲ ಮೇಲಿನ ಗುಲಾಬಿಯ ಚಿತ್ರದೆದುರು ನಿಂತು ನಾನು 1902ರ ಕಥೆ ಎತ್ತಿದೆ: ಮೊತ್ತಮೊದಲ ಪಂದ್ಯದಲ್ಲಿಯೇ ಒಂದು ಇಡೀ ತಂಡ ಮೈದಾನ ಬಿಟ್ಟು ನಡೆದಿತ್ತಲ್ಲ, ಅವರನ್ನು ಯಾರಾದರೂ ದ್ರೋಹಿಗಳೆಂದರೆ? ವೃದ್ಧರು ನಕ್ಕು, "ಅವರು ಸೋತಿದ್ದರು. ಸೋತವರಿಗೆ ಕ್ಷಮೆಯಿದೆ" ಎಂದರು.

ದಾರಿಯ ಅರ್ಧದಲ್ಲಿ ಅವರು ಬೆಂಚಿನ ಮೇಲೆ ಕುಳಿತು ಬಲಗಾಲನ್ನು ಮುಂದೆ ಚಾಚಿದರು. ಮಡಿಸಲು ಬಾರದ ಕಾಲು ಎಂದು ನನಗೆ ಗೊತ್ತಾದುದು ಆಗಲೇ. ನಾನು ಕೇಳಲಿಲ್ಲ, ಅವರೇ ಹೇಳಿದರು. ಹದಿನೇಳನೆಯ ವಯಸ್ಸಿನಲ್ಲಿ, ಶಾಲೆಯ ಕೊನೆಯ ಪಂದ್ಯದಲ್ಲಿ ಆದದ್ದು. ವಿಶ್ವವಿದ್ಯಾಲಯದ ತಂಡಕ್ಕೆ ಕರೆಯೂ ಬಂದಿತ್ತಂತೆ. "ಓದಿದೆ, ಕೆಲಸ ಸಿಕ್ಕಿತು. ಆಟ ಮಾತ್ರ ನೋಡಲು ಉಳಿಯಿತು" ಎಂದರು. ಹಾಗಾದರೆ ಆ ಇಬ್ಬರು ಹುಡುಗರು ಮಾಡಿದ್ದು ಸರಿಯಲ್ಲವೇ ಎಂದೆ. ಅವರು ಬಹಳ ಹೊತ್ತು ಗುಡ್ಡ ನೋಡಿದರು. "ನಾನು ಆ ಪಂದ್ಯ ಆಡದೆ ಇದ್ದಿದ್ದರೆ ಅದನ್ನೂ ಇಷ್ಟೇ ವರ್ಷ ನೆನೆಯುತ್ತಿದ್ದೆ" ಎಂದವರು, ಸ್ವಲ್ಪ ತಡೆದು, "ಕಾಲಾದರೂ ಮಡಿಸಬಹುದಿತ್ತು" ಎಂದು ಸೇರಿಸಿದರು.

ನಾವು ಊರಿಗೆ ಹಿಂತಿರುಗಿದ ಮೇಲೆ ಉಳಿದ ಸುದ್ದಿಗಳನ್ನು ಮೊಮ್ಮಗ ಫೋನಿನಲ್ಲಿ ತಲಪಿಸುತ್ತಿದ್ದ. 2022ರ ಏಪ್ರಿಲಿನಲ್ಲಿ ವಿಲ್ಸನ್ ಹತ್ತನೆಯವನು, ಒಲಾವೆ ಹನ್ನೊಂದನೆಯವನು; ಇಬ್ಬರಿಗೂ ಎರಡು ಕೋಟಿ ಡಾಲರಿನ ಆಸುಪಾಸಿನ ಕರಾರು. ಸ್ಮಿತ್-ಇಂಜಿಗ್ಬಾ ಮುಂದಿನ ಋತುವಿನ ಮೊದಲ ಪಂದ್ಯದಲ್ಲಿಯೇ ತೊಡೆಯ ಸ್ನಾಯುವಿಗೆ ಪೆಟ್ಟಾಗಿ, ಮೂರೇ ಪಂದ್ಯ ಆಡಿ, ವರ್ಷಾಂತ್ಯದ ದೊಡ್ಡ ಪಂದ್ಯಕ್ಕೆ ಇಳಿಯದೆ ಡ್ರಾಫ್ಟಿಗೆ ಹೋದ. ಇಪ್ಪತ್ತನೆಯವನಾಗಿ ಸಿಯಾಟಲ್ ತಂಡ ಸೇರಿದ.

ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ರೈಸಿಂಗ್‌ನ ಸುದ್ದಿ. ಯೂಟಾದವರು ಮರುವರ್ಷವೂ ಅದೇ ಗುಲಾಬಿ ಬಟ್ಟಲಿಗೆ ಬಂದರು. 2023ರ ಜನವರಿ ಒಂದು ಭಾನುವಾರವಾದುದರಿಂದ ಪಂದ್ಯ ಎರಡನೆಯ ತಾರೀಕಿಗೆ. ಎದುರಾಳಿ ಪೆನ್ ಸ್ಟೇಟ್. ಹಿಂದಿನ ವರ್ಷ ತಲೆಗೆ ಪೆಟ್ಟು ತಿಂದಿದ್ದ ಆ ಹುಡುಗ ಮತ್ತೆ ಆಡಿದ. ಅದೇ ಮೈದಾನದಲ್ಲಿ ಈ ಸಲ ಮೊಣಕಾಲು ಹೋಯಿತು. ಬದಲಿಗೆ ಇಳಿದವನು ಮತ್ತೆ ಅದೇ ಬಾರ್ನ್ಸ್. ಯೂಟಾ 35–21ರಿಂದ ಸೋತಿತು. ರೈಸಿಂಗ್ 2023ರ ಇಡೀ ಋತು ಹೊರಗೆ ಕುಳಿತ. ಹಿಂತಿರುಗಿ ಬಂದಾಗ ಕೈಗೆ ಇನ್ನೊಂದು ಗಾಯ. 2025ರಲ್ಲಿ ಆಟವನ್ನೇ ಬಿಟ್ಟ. ವೃತ್ತಿಪರ ಪಂದ್ಯದ ಮೈದಾನವನ್ನು ಅವನು ಕಾಣಲೇ ಇಲ್ಲ. ಅವನನ್ನು ಯಾರೂ ದ್ರೋಹಿಯೆನ್ನಲಿಲ್ಲ. ಯಾರೂ ಎರಡು ಕೋಟಿ ಡಾಲರನ್ನೂ ಕೊಡಲಿಲ್ಲ.

ಈಚೆಗೆ ಗುಲಾಬಿ ಬಟ್ಟಲಿಗೆ ಈ ತೊಡಕು ಕಡಿಮೆಯಾಗಿದೆ. 2024ರ ಋತುವಿನಿಂದ ಹನ್ನೆರಡು ತಂಡಗಳ ರಾಷ್ಟ್ರೀಯ ಸ್ಪರ್ಧೆ ಬಂದು, ಈ ಪಂದ್ಯ ಅದರ ಒಂದು ಮೆಟ್ಟಿಲಾಗಿರುವುದರಿಂದ, ಕಿರೀಟದ ಆಸೆಯಿರುವ ಹುಡುಗರು ಆಡುತ್ತಾರೆ. ಕಿರೀಟವಿಲ್ಲದ ಉಳಿದ ಬಟ್ಟಲುಗಳು ಸೊರಗುತ್ತಿವೆ. 2023ರ ಡಿಸೆಂಬರಿನಲ್ಲಿ ಒಂದೂ ಪಂದ್ಯ ಸೋಲದಿದ್ದ ಫ್ಲಾರಿಡಾ ಸ್ಟೇಟ್ ತಂಡವನ್ನು ರಾಷ್ಟ್ರೀಯ ಸ್ಪರ್ಧೆಗೆ ಆರಿಸದೆ ಬಿಟ್ಟಾಗ, ಆಡದೆ ಉಳಿದವರು, ಬೇರೆ ಕಾಲೇಜಿಗೆ ಹೊರಟವರು, ಗಾಯಾಳುಗಳು ಎಲ್ಲ ಸೇರಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಇಲ್ಲದೆ ಅದು ಆರೆಂಜ್ ಬೌಲಿನಲ್ಲಿ ಜಾರ್ಜಿಯಾಕ್ಕೆ 63–3ರಿಂದ ಸೋತಿತು. ಇದರಲ್ಲಿ ನೋವಾಗುವುದು ಹೆಸರಾದವರಿಗಲ್ಲ. ಡ್ರಾಫ್ಟಿನಲ್ಲಿ ಯಾರೂ ಕರೆಯದ, ಇದೇ ತನ್ನ ಬಾಳಿನ ಕೊನೆಯ ಆಟವೆಂದು ತಿಳಿದು ಅಂಗಿ ತೊಟ್ಟ ಮೂಲೆಯ ಹುಡುಗನಿಗೆ. ವೃದ್ಧರ ಸಿಟ್ಟಿನಲ್ಲಿ ಏನಾದರೂ ನ್ಯಾಯವಿದ್ದರೆ ಅದು ಆ ಹುಡುಗನ ಪರವಾದದ್ದು. ಅಷ್ಟನ್ನು ನಾನು ಒಪ್ಪುತ್ತೇನೆ. ಆದರೆ ಅವನ ಕೊನೆಯ ಆಟ ಚೆನ್ನಾಗಿ ನಡೆಯಲೆಂದು ಇನ್ನೊಬ್ಬನ ಮೊಣಕಾಲನ್ನು ಒತ್ತೆ ಕೇಳಲು ನಾವು ಯಾರು?

2024ರ ನವೆಂಬರಿನ ಒಂದು ಬೆಳಗ್ಗೆ ಫೋನು ಬಂತು. ಮೊಮ್ಮಗ ಈಗ ಪ್ರೌಢಶಾಲೆಯ ತಂಡದಲ್ಲಿದ್ದಾನೆ. ಅವನ ತಾಯಿಗೆ ಅದು ಇಷ್ಟವಿಲ್ಲ. ಮರುದಿನ ಋತುವಿನ ಕೊನೆಯ ಪಂದ್ಯ. ಮೊಣಕಾಲು ಊದಿದೆ, ವೈದ್ಯರು ಎರಡು ವಾರ ಬೇಡವೆಂದಿದ್ದಾರೆ, ಗೆಳೆಯರು ಬಾ ಎನ್ನುತ್ತಿದ್ದಾರೆ.

"ಅಜ್ಜ, ನೀವಾದರೂ ಅಮ್ಮನಿಗೆ ಹೇಳಿ. ಒಂದೇ ಪಂದ್ಯ."

ಇಷ್ಟೆಲ್ಲ ಬರೆಯಬಲ್ಲ ನನಗೆ ಆ ಕ್ಷಣದಲ್ಲಿ ಮಾತು ಹೊರಡಲಿಲ್ಲ. ಹುಡುಗನ ದನಿಯಲ್ಲಿ ಅಳು ತುಂಬಿತ್ತು. ಅಷ್ಟರಲ್ಲಿ ನನ್ನಾಕೆ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ಫೋನನ್ನು ತೆಗೆದುಕೊಂಡಳು.

"ಎಷ್ಟು ಊದಿದೆ ಮಗಾ? ಮಡಿಸಲು ಆಗುತ್ತದೋ? ಎಲ್ಲಿ, ಮಡಿಸಿ ತೋರಿಸು ನೋಡುವ."